ಪಿತ್ತರಸದ ಆಮ್ಲಗಳನ್ನು ಔಷಧವಾಗಿ ಬಳಸಬಹುದೇ?

ಬಳಸಬಹುದು, ಕೆಲವು ಈಗಾಗಲೇ ಬಳಕೆಯಲ್ಲಿವೆ. ಯಕೃತ್ತು ಕೊಲೆಸ್ಟರಾಲಿನಿಂದ ತಯಾರಿಸುವ ಈ ಆಮ್ಲಗಳು ಕೊಬ್ಬಿನ ಜೀರ್ಣಕ್ರಿಯೆಗೆ ನೆರವಾಗುವುದಲ್ಲದೆ, ಜೀವಕೋಶಗಳಿಗೆ ರಾಸಾಯನಿಕ ಸಂಕೇತಗಳನ್ನೂ ಕೊಡುತ್ತವೆ.

ಇವುಗಳಲ್ಲಿ ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಅರ್ಸೋಡಿಆಕ್ಸಿಕೋಲಿಕ್ ಆಮ್ಲವನ್ನು. ಕರಡಿಯ ಪಿತ್ತದಲ್ಲಿ ಹೇರಳವಾಗಿಯೂ ಮನುಷ್ಯರಲ್ಲಿ ಅತ್ಯಲ್ಪವಾಗಿಯೂ ಇರುವ ಇದನ್ನು ಈಗ ಕಾರ್ಖಾನೆಗಳಲ್ಲೇ ತಯಾರಿಸಬಹುದಾದ್ದರಿಂದ ಕರಡಿಯ ಹಂಗಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನೊಳಗಿನ ಸಣ್ಣ ಪಿತ್ತನಾಳಗಳನ್ನು ಹಾಳುಗೆಡಹುವ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಎಂಬ ಕಾಯಿಲೆಗೆ ಇದೇ ಮೊದಲ ಆಯ್ಕೆ. ದಿನದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 13ರಿಂದ 15 ಮಿಲಿಗ್ರಾಂ. ಅಂದರೆ 60 ಕಿಲೋ ತೂಕದವರಿಗೆ 300 ಮಿಲಿಗ್ರಾಮಿನ ಮೂರು ಮಾತ್ರೆ. ಪಿತ್ತಕೋಶದ ಕಲ್ಲನ್ನೂ ಇದು ಕರಗಿಸುತ್ತದೆಯಾದರೂ, ಕಲ್ಲು ಚಿಕ್ಕದಾಗಿದ್ದು, ಕೊಲೆಸ್ಟರಾಲಿನದೇ ಆಗಿದ್ದು, ಸುಣ್ಣಗಟ್ಟದೆ ಇದ್ದರೆ ಮಾತ್ರ. ಅದಕ್ಕೂ ತಿಂಗಳುಗಟ್ಟಲೆ ಬೇಕು, ಮಾತ್ರೆ ನಿಲ್ಲಿಸಿದ ಮೇಲೆ ಕಲ್ಲು ಮರಳುವುದೂ ಉಂಟು. ಶಸ್ತ್ರಚಿಕಿತ್ಸೆ ತಪ್ಪಿಸುವ ಸುಲಭೋಪಾಯವೆಂದು ಇದನ್ನು ನಂಬುವುದು, ನನ್ನ ದೃಷ್ಟಿಯಲ್ಲಿ, ಸರಿಯಲ್ಲ.

ಡಿಆಕ್ಸಿಕೋಲಿಕ್ ಆಮ್ಲದ ಚುಚ್ಚುಮದ್ದಿಗೆ ಗದ್ದದ ಕೆಳಗಿನ ಕೊಬ್ಬು ಕರಗಿಸಲು 2015ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮರುವರ್ಷ ಅಲ್ಲೇ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸಿಗೆಂದು ಅನುಮತಿ ಪಡೆದ ಒಬೆಟಿಕೋಲಿಕ್ ಆಮ್ಲವಾದರೋ, ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಸ್ಥಿತಿ) ಉಲ್ಬಣಿಸಿದ ಕೆಲವರಲ್ಲಿ ಯಕೃತ್ತಿಗೇ ತೀವ್ರ ಹಾನಿ ಮಾಡಿದ್ದರಿಂದ, 2021ರಲ್ಲಿ ಅದರ ಬಳಕೆಗೆ ನಿರ್ಬಂಧ ಹೇರಲಾಯಿತು.