ಲೆವೆಲ್ ಸುಲಭ ಮಾಡುವ ಮೊದಲು ಆಡುವವರ ಹಿಂದೆ ಕೂತು ನೋಡಿ

ನೀವು ಮಾಡುತ್ತಿರುವ ಗೇಮಿನ ಮೂರನೇ ಲೆವೆಲ್ (ಹಂತ) ತುಂಬಾ ಕಷ್ಟ ಅಂತ ಆಡಿದವರೆಲ್ಲ ಹೇಳುತ್ತಿದ್ದಾರೆ, ಶತ್ರುಗಳನ್ನು ಕಡಿಮೆ ಮಾಡಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಅಲ್ಲಿ ಅವರಿಗೆ ತೊಂದರೆ ಆಗುತ್ತಿರುವುದು ನಿಜ. ಆದರೆ ಅವರು ಕೊಡುವ ಕಾರಣ ಸರಿ ಇರಲೇಬೇಕು ಅಂತೇನಿಲ್ಲ.

ಹ್ಯಾಲೋ 3 ಅನ್ನೋ ಶೂಟಿಂಗ್ ಗೇಮ್ ನೋಡಿ. 2007ರಲ್ಲಿ ಬಿಡುಗಡೆಗೆ ಮುಂಚೆ ಮೈಕ್ರೋಸಾಫ್ಟ್ ಲ್ಯಾಬಿನಲ್ಲಿ ಸುಮಾರು 600 ಜನರ ಕೈಲಿ 3,000 ಗಂಟೆಗೂ ಜಾಸ್ತಿ ಆಡಿಸಿದ್ದರು. ಒಂದು ಕಡೆ ಆಡುವವರ ಗುಂಡುಗಳು ಬೇಗ ಖಾಲಿಯಾಗುತ್ತಿದ್ದವು. ಇನ್ನಷ್ಟು ಗುಂಡು ಇಟ್ಟರೆ ಮುಗೀತು ಅನ್ನಿಸುತ್ತದೆ, ಅಲ್ವಾ? ಆದರೆ ಅವರು ಆಡುವ ರೀತಿ ಗಮನಿಸಿದಾಗ ಬೇರೆಯೇ ವಿಷಯ ಕಂಡಿತು. ಶತ್ರು ಇನ್ನೂ ಗುಂಡಿಗೆ ಎಟುಕದಷ್ಟು ದೂರ ಇರುವಾಗಲೇ ಜನ ಹೊಡೆದು ಹೊಡೆದು ಖಾಲಿ ಮಾಡುತ್ತಿದ್ದರು. ಹಾಗಾಗಿ ಶತ್ರು ಗುಂಡಿಗೆ ಎಟುಕುವಷ್ಟು ಹತ್ತಿರ ಇದ್ದಾಗ ತೆರೆಯ ಮೇಲಿನ ಗುರಿಯ ಗುರುತು ಕೆಂಪಾಗುವಂತೆ ಮಾಡಿದರು. ಎಂಥ ಚಿಕ್ಕ ಬದಲಾವಣೆ! ನನಗಂತೂ ಇದು ತುಂಬಾ ಇಷ್ಟ.

ನೀವೂ ಹೀಗೇ ನೋಡಿ. ಈ ಲೆವೆಲ್ ಆಡದೇ ಇರುವ ನಾಲ್ಕೈದು ಜನರನ್ನು ಕರೆಯಿರಿ, ಆದರೆ ಒಂದೇ ದಿನ ಎಲ್ಲರನ್ನೂ ಕೂರಿಸಬೇಡಿ. ಒಮ್ಮೆ ಆಡಿದವರಿಗೆ ದಾರಿ ಗೊತ್ತಾಗಿರುತ್ತದೆ. ತಿದ್ದಿದ ಮೇಲೆ ಹೊಸಬರು ಬೇಕಾಗುತ್ತಾರೆ.

ಅವರು ಆಡುವಾಗ ಬಾಯಿ ಬಿಡಬೇಡಿ. 1998ರ ಹಾಫ್-ಲೈಫ್ ಗೇಮ್ ಮಾಡುವಾಗ ವಾಲ್ವ್ ಕಂಪನಿಯವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದರು. ಲೆವೆಲ್ ಮಾಡಿದವರು ಅಲ್ಲೇ ಕೂತಿದ್ದರೂ ಸುಳಿವು ಕೊಡುವ ಹಾಗಿರಲಿಲ್ಲ. ಇದು ನಿಜಕ್ಕೂ ಕಷ್ಟ. ಉದಾಹರಣೆಗೆ, ಸ್ವಿಚ್ ಬಾಗಿಲ ಮೇಲೆಯೇ ಇರುತ್ತದೆ, ಆಡುವವರು ಅದರ ಕೆಳಗೇ ಅತ್ತಿಂದಿತ್ತ ಓಡಾಡುತ್ತಾರೆ, ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ, ತಲೆ ಮಾತ್ರ ಎತ್ತುವುದಿಲ್ಲ. "ಮೇಲೆ ನೋಡಿ" ಅಂದುಬಿಡೋಣ ಅನ್ನಿಸುತ್ತದೆ. ಆದರೆ ನಾಳೆ ಗೇಮ್ ಡೌನ್‌ಲೋಡ್ ಮಾಡಿಕೊಂಡವರ ಪಕ್ಕದಲ್ಲಿ ನೀವು ಇರುವುದಿಲ್ಲವಲ್ಲ. ಎಲ್ಲಿ ನಿಂತರು, ಎಲ್ಲಿಂದ ವಾಪಸ್ ಬಂದರು, ಎಲ್ಲಿ ಸತ್ತರು, ಇಷ್ಟನ್ನು ಬರೆದುಕೊಳ್ಳಿ ಸಾಕು. ಅದೇ ಜಾಗದಲ್ಲಿ ಇಬ್ಬರು ಮೂವರು ಸಿಕ್ಕಿಹಾಕಿಕೊಂಡರೆ ತಿದ್ದಬೇಕಾದ್ದು ಅಲ್ಲೇ.

ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳಬೇಡಿ. ಸ್ನೇಹಿತರು ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. "ಅಲ್ಲಿ ಯಾಕೆ ಸತ್ತಿರಿ?" ಅಂತ ಕೇಳಿ. "ಜಿಗಿಯೋದು ತಡವಾಯ್ತು" ಅಂದರೆ ಲೆವೆಲ್ ಸರಿಯಾಗಿಯೇ ಇದೆ, ಬಿಟ್ಟುಬಿಡಿ. "ಎಲ್ಲಿಂದ ಹೊಡೆದರೋ ಗೊತ್ತಾಗಲೇ ಇಲ್ಲ" ಅಂದರೆ ಶತ್ರುಗಳನ್ನು ಕಡಿಮೆ ಮಾಡಬೇಡಿ. ಶತ್ರುಗಳು ನಿಂತಿರುವ ಕಡೆ ಬೆಳಕು ಹಾಕಿ, ಇಲ್ಲವೇ ಹೊಡೆಯುವ ಮುಂಚೆ ಒಂದು ಸದ್ದು ಕೇಳಿಸಿ. ಆಮೇಲೆ ಇನ್ನೊಬ್ಬ ಹೊಸಬರನ್ನು ಕೂರಿಸಿ ನೋಡಿ.