ಹೈಡ್ರಾಲಿಕ್ ಲಿಫ್ಟ್ (ದ್ರವದ ಒತ್ತಡದಿಂದ ಭಾರ ಎತ್ತುವ ಯಂತ್ರ) ಕೆಲಸ ಮಾಡುವ ಬಗೆಯನ್ನು ಮಕ್ಕಳಿಗೆ ಹೇಗೆ ಮನಗಾಣಿಸುವುದು?

ಪಾಸ್ಕಲ್ ನಿಯಮ ಬಾಯಿಪಾಠವಿದ್ದರೂ, ಸಣ್ಣ ಬಲ ಕಾರನ್ನು ಎತ್ತುತ್ತದೆಂದರೆ ಮಕ್ಕಳು ನಂಬುವುದಿಲ್ಲ ಎಂದಿದ್ದೀರಿ. ಬದಿಯಡ್ಕ ಕಡೆಯ ನಮ್ಮ ಕನ್ನಡ ಮಾಧ್ಯಮ ತರಗತಿಯಲ್ಲಿ ನಾನು ಸೂತ್ರವನ್ನು ಕೊನೆಗೆ ಬರೆಯುತ್ತೇನೆ. ಮೊದಲು, ಸೂಜಿಯಿಲ್ಲದ ಸಣ್ಣ ಸಿರಿಂಜ್ ಒಂದು, ದೊಡ್ಡದೊಂದು. ನಡುವೆ ನೀರು ತುಂಬಿದ ಕೊಳವೆ. ಇಬ್ಬರು ಎದುರುಬದುರಾಗಿ ಒತ್ತಲಿ. ಸಣ್ಣದನ್ನು ಹಿಡಿದ ನರಪೇತಲ ಹುಡುಗ ತರಗತಿಯ ಪೈಲ್ವಾನನನ್ನು ಹಿಮ್ಮೆಟ್ಟಿಸುತ್ತಾನೆ. ಗಲಾಟೆ ಆಗುತ್ತದೆ, ಆಗಲಿ.

ಈಗ ಲೆಕ್ಕ. ಮುಚ್ಚಿದ ದ್ರವದಲ್ಲಿ ಒತ್ತಡದ ಹೆಚ್ಚಳ ಎಲ್ಲೆಡೆಗೂ ಒಂದೇ ಪ್ರಮಾಣದಲ್ಲಿ ಹರಡುತ್ತದೆ; ಇದೇ ಪಾಸ್ಕಲ್ ನಿಯಮ. ಲಿಫ್ಟಿನ ಸಣ್ಣ ಪಿಸ್ಟನ್ (ಸಿರಿಂಜಿನಲ್ಲಿ ಒತ್ತುವ ದಂಡದಂಥದ್ದು) 5 ಚದರ ಸೆಂ.ಮೀ., ದೊಡ್ಡದು 250 ಆದರೆ ವಿಸ್ತೀರ್ಣ 50 ಪಟ್ಟು, ಹಾಗಾಗಿ ಬಲವೂ 50 ಪಟ್ಟು. 1200 ಕಿಲೋ ಕಾರಿಗೆ 24 ಕಿಲೋ ಭಾರ ಸಾಕು. ಹೆಚ್ಚುಕಡಿಮೆ ಅರ್ಧ ಮೂಟೆ ಅಕ್ಕಿ.

ಇದು ಪುಕ್ಕಟೆಯಲ್ಲ ಎಂಬುದನ್ನು ಮಾತ್ರ ಬಿಡಬೇಡಿ. ಕಾರು 1 ಸೆಂ.ಮೀ. ಏರಲು ಸಣ್ಣ ಪಿಸ್ಟನ್ 50 ಸೆಂ.ಮೀ. ಇಳಿಯಬೇಕು. ಲಾರಿಯವರು ಜಾಕಿನ ಹಿಡಿಯನ್ನು ಅಷ್ಟು ಸಲ ಒತ್ತುವುದು ಅದಕ್ಕೇ. ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ಪ್ರಯೋಗ ಕೆಡುತ್ತದೆ: ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದು ತೀರಾ ಅತ್ಯಲ್ಪ. ನಾನಂತೂ ಒಮ್ಮೆ ಬೇಕೆಂದೇ ಗುಳ್ಳೆ ಬಿಟ್ಟು, ಕಾರಣ ಹುಡುಕಲು ಹೇಳುತ್ತೇನೆ.