ಹೆಸರು ಗಿಂಪೊ, ನೆಲ ಗಾಂಗ್‌ಸೊ

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಮಗಳ ಮನೆಗೆಂದು ಹೋಗಿ, ದಕ್ಷಿಣ ಕೊರಿಯಾದ ಸೋಲ್ ನಗರದ ಗಾಂಗ್‌ಸೊದಲ್ಲಿ ಎರಡು ತಿಂಗಳು ಇದ್ದು ಬಂದೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಭೂಗೋಳ ಪಾಠ ಹೇಳಿ ನಿವೃತ್ತನಾದವನಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಸೋಲ್ ನಗರದ ಒಳಗೇ ಇರುವ ವಿಮಾನ ನಿಲ್ದಾಣಕ್ಕೆ ಪಕ್ಕದ ಊರಾದ ಗಿಂಪೊದ ಹೆಸರೇಕೆ ಮೇಷ್ಟ್ರೇ? (ದಾವಣಗೆರೆ)

ನಿಲ್ದಾಣ ಇದ್ದಲ್ಲೇ ಇದೆ, ಗಡಿ ಸರಿಯಿತು. ಈ ಸೀಮೆ ಹಿಂದೆ ಯಾಂಗ್‌ಚೊನ್ ಎಂಬ ಪ್ರತ್ಯೇಕ ಆಡಳಿತಕ್ಕೆ ಸೇರಿತ್ತು. 1914ರಲ್ಲಿ ಅದನ್ನು ಗಿಂಪೊಗೆ ಸೇರಿಸಿದರು. ಜಪಾನೀಯರ ಆಳ್ವಿಕೆಯ ಕಾಲದಲ್ಲಿ, 1930ರ ದಶಕದ ಕೊನೆಗೆ, ಇಲ್ಲಿನ ಭತ್ತದ ಬಯಲಿನಲ್ಲಿ ಸೇನೆಗಾಗಿ ವಿಮಾನದ ಪಟ್ಟಿ ಮಾಡಿದರು. 1950ರ ಯುದ್ಧದಲ್ಲಿ ಉತ್ತರದ ಸೈನ್ಯ ಅದನ್ನು ಜೂನ್ ಮುಗಿಯುವುದರೊಳಗೆ ಹಿಡಿಯಿತು. ಸೆಪ್ಟೆಂಬರಿನಲ್ಲಿ ಅಮೆರಿಕದ ಪಡೆ ಪಶ್ಚಿಮ ಕರಾವಳಿಯ ಇಂಚಿಯಾನ್‌ನಲ್ಲಿ ಇಳಿದ ಎರಡು ಮೂರು ದಿನಗಳಲ್ಲಿ ಮರಳಿ ಪಡೆಯಿತು. ಕದನವಿರಾಮವಾದ ಮೇಲೆ, 1953ರ ಸೆಪ್ಟೆಂಬರ್ 21ರಂದು, ಉತ್ತರ ಕೊರಿಯಾದ ಯುವ ಪೈಲಟ್ ನೊ ಕುಮ್ ಸೊಕ್ ತನ್ನ ಮಿಗ್-15 ವಿಮಾನವನ್ನು ತಂದು ಇಳಿಸಿ ಶರಣಾದದ್ದೂ ಇದೇ ನೆಲದಲ್ಲಿ.

1958ರಲ್ಲಿ ಗಿಂಪೊ ಅಂತರರಾಷ್ಟ್ರೀಯ ನಿಲ್ದಾಣವಾಯಿತು. ಐದು ವರ್ಷಗಳ ಮೇಲೆ, 1963ರಲ್ಲಿ, ಬೆಳೆಯುತ್ತಿದ್ದ ಸೋಲ್ ತನ್ನ ಗಡಿಯನ್ನು ಹಿಗ್ಗಿಸಿ ಈ ಬಯಲನ್ನು ಒಳಗೆ ಹಾಕಿಕೊಂಡಿತು. ಹೆಸರನ್ನು ಮಾತ್ರ ಯಾರೂ ಬದಲಿಸಲಿಲ್ಲ. ಗಾಂಗ್‌ಸೊ ಪ್ರತ್ಯೇಕ 'ಗು' ಆದದ್ದು 1977ರಲ್ಲಿ. 'ಗು' ಎಂದರೆ ನಗರದ ಆಡಳಿತ ವಿಭಾಗ. ಸೋಲ್‌ನಲ್ಲಿ ಇಂಥವು 25 ಇವೆ. ಗಾಂಗ್ ಎಂದರೆ ನದಿ, ಸೊ ಎಂದರೆ ಪಡುವಣ. ಹಾನ್ ನದಿ ನಗರವನ್ನು ಬಿಟ್ಟು ಸಮುದ್ರದ ಕಡೆಗೆ ಸಾಗುವ ತುದಿಯಲ್ಲಿ, ಅದರ ಎಡದಂಡೆಯ ಮೇಲಿರುವ ಈ ವಿಭಾಗದ ವಿಸ್ತಾರ ಸುಮಾರು 41 ಚದರ ಕಿಲೋಮೀಟರ್.

ನಮ್ಮ ಎಚ್‌ಎಎಲ್ ನಿಲ್ದಾಣದಿಂದ 2008ರಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಹೊಸ ನಿಲ್ದಾಣ ಬಂದಾಗ ಗಿಂಪೊ ಹೇಗೆ ಉಳಿಯಿತು? (ಬೆಂಗಳೂರು)

ಅರ್ಧ ಉಳಿಯಿತು. 2001ರ ಮಾರ್ಚ್ 29ರಂದು ಇಂಚಿಯಾನ್ ನಿಲ್ದಾಣ ತೆರೆದಾಗ ಹೊರದೇಶದ ವಿಮಾನಗಳೆಲ್ಲ ಅಲ್ಲಿಗೆ ಹೋದವು. ತೆರವಾದ ಕಟ್ಟಡಗಳೊಳಗೆ ಅಂಗಡಿ, ಸಿನಿಮಾ ಮಂದಿರ ಬಂದವು. 2004ರಲ್ಲಿ ಅತಿವೇಗದ ರೈಲು ಓಡತೊಡಗಿದ ಮೇಲೆ ಒಳನಾಡಿನ ಪ್ರಯಾಣಿಕರೂ ಕಡಿಮೆಯಾದರು. ಗಿಂಪೊವನ್ನು ಕಾಪಾಡಿದ್ದು ಜೆಜು ದ್ವೀಪ. ಅಲ್ಲಿಗೆ ರೈಲು ಹೋಗಲಾರದು. ಈಚಿನ ವರ್ಷಗಳಲ್ಲಿ ಗಿಂಪೊ–ಜೆಜು ನಡುವೆ ವರ್ಷಕ್ಕೆ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಆಸನಗಳಿವೆ. ಜಗತ್ತಿನ ಅತ್ಯಂತ ದಟ್ಟ ವಿಮಾನ ಮಾರ್ಗ ಅದು. ಸಣ್ಣ ಕೈಚೀಲ ಹಿಡಿದು, ನಮ್ಮಲ್ಲಿ ಕೆಂಪು ಬಸ್ ಹತ್ತುವಷ್ಟು ಸಲೀಸಾಗಿ ಜನ ವಿಮಾನ ಹತ್ತುವುದನ್ನು ನಾನು ಬೆಂಚಿನ ಮೇಲೆ ಕುಳಿತು ಎಷ್ಟೋ ಹೊತ್ತು ನೋಡಿದ್ದೇನೆ.

2003ರಲ್ಲಿ ಟೋಕಿಯೋದ ಹನೇಡಾಕ್ಕೆ ವಿಮಾನ ಬಿಟ್ಟು, ಹೊರದೇಶದ ಬಾಗಿಲನ್ನು ಸ್ವಲ್ಪ ತೆರೆದರು. ಕೊರಿಯನ್ ಏರ್, ಏಷಿಯಾನಾ ಎರಡೂ ಸಂಸ್ಥೆಗಳ ಕೇಂದ್ರ ಕಚೇರಿ ಈ ವಿಭಾಗವನ್ನು ಬಿಟ್ಟು ಹೋಗಲಿಲ್ಲ. ವಿಮಾನಗಳು ಹೋದರೂ ವಿಮಾನದ ಕೆಲಸದವರು ಉಳಿದರು ಎಂಬುದೇ ಊರನ್ನು ಎತ್ತಿ ಹಿಡಿಯಿತು ಎಂದು ನನ್ನ ಅಭಿಪ್ರಾಯ.

ಗಾಂಗ್‌ಸೊದಲ್ಲಿ ನಿಮ್ಮ ಮಗಳು ಇರುವ ಮಾಗೊಕ್ ಬಡಾವಣೆ ಈಚಿನವರೆಗೂ ಗದ್ದೆಯಾಗಿತ್ತಂತೆ, ನಿಜವೇ? (ಮಂಡ್ಯ)

ನಿಜ. ಒಂದು ಕೋಟಿ ಜನರ ನಗರದೊಳಗೆ, ಸುತ್ತ ಮನೆಗಳೆದ್ದ ಮೇಲೂ, ಸುಮಾರು 900 ಎಕರೆಯ ಬಯಲೊಂದು ಗದ್ದೆಯಾಗಿಯೇ ಉಳಿದಿತ್ತು. ಅದನ್ನು ಮುಂದಿನ ದಿನಗಳಿಗೆಂದು ನಗರಾಡಳಿತ ಕಾದಿಟ್ಟಿತ್ತು. 1996ರಲ್ಲಿ ಐದನೇ ಮೆಟ್ರೊ ಮಾರ್ಗ ಬಂದಾಗ ಮಾಗೊಕ್ ನಿಲ್ದಾಣವನ್ನೂ ಕಟ್ಟಿದರು, ಆದರೆ ಇಳಿಯುವವರೇ ಇರಲಿಲ್ಲ. ಹನ್ನೆರಡು ವರ್ಷ ರೈಲುಗಳು ಅಲ್ಲಿ ನಿಲ್ಲದೆ ಓಡಿದವು. ಮೊದಲ ಸಲ ನಿಂತದ್ದು 2008ರಲ್ಲಿ. ಈಗ ಬೆಳಿಗ್ಗೆ ಎಂಟರ ಹೊತ್ತಿಗೆ ಎಲ್‌ಜಿ ಸೈನ್ಸ್ ಪಾರ್ಕ್‌ನ ಕಡೆಗೆ ನಡೆಯುವವರ ಸಾಲು ನೋಡಬೇಕು. 2018ರಲ್ಲಿ ತೆರೆದ ಆ ಸಂಶೋಧನಾ ಆವರಣದ ಸುತ್ತ ಇನ್ನೂ ಹಲವು ಕಂಪನಿಗಳ ಪ್ರಯೋಗಾಲಯಗಳಿವೆ.

ಕಟ್ಟಡಗಳು ಮಾತ್ರ ಯಾವುದೂ ಮುಗಿಲು ಮುಟ್ಟಿಲ್ಲ. ವಿಮಾನಗಳ ಸುರಕ್ಷತೆಗಾಗಿ ನಿಲ್ದಾಣದ ಸುತ್ತ ಸಮುದ್ರಮಟ್ಟದಿಂದ 57.86 ಮೀಟರಿಗಿಂತ ಮೇಲೇಳುವಂತಿಲ್ಲ. ಮಗಳ ಮನೆಯ ಬಾಲ್ಕನಿಯಿಂದ ನೋಡಿದರೆ ಊರಿನ ತಾರಸಿಗಳೆಲ್ಲ ಮಟ್ಟಗೋಲು ಇಟ್ಟು ಕೊಯ್ದ ಹಾಗೆ ಕಾಣುತ್ತವೆ. ಅಷ್ಟು ಆಕಾಶ ಸೋಲ್‌ನಲ್ಲಿ ಬೇರೆ ಕಡೆ ನನಗೆ ಸಿಗಲಿಲ್ಲ.

ಮಂಡ್ಯದವರಾದ ನಿಮಗೆ ಇನ್ನೊಂದನ್ನು ಹೇಳಲೇಬೇಕು. 2019ರಲ್ಲಿ ಪೂರ್ಣವಾಗಿ ತೆರೆದ ಸೋಲ್ ಸಸ್ಯೋದ್ಯಾನ ಇಲ್ಲಿದೆ. ಜನ ಅದರ ಗಾಜಿನ ಮನೆಗೆ ಮುಗಿಬೀಳುತ್ತಾರೆ. ನಾನು ಮತ್ತೆ ಮತ್ತೆ ಹೋದದ್ದು ಅದೇ ಉದ್ಯಾನದೊಳಗಿನ ಹಳೆಯ ಮರದ ಕಟ್ಟಡಕ್ಕೆ. 1925ರಲ್ಲಿ ಹಾನ್ ನದಿಗೆ ಮಹಾಪೂರ ಬಂದಿತ್ತು. 1928ರಲ್ಲಿ ಇಲ್ಲಿನ ನೀರಾವರಿ ಸಂಘ ಗದ್ದೆಗೆ ನುಗ್ಗಿದ ನೀರನ್ನು ಹೊರಹಾಕಲು ಈ ಪಂಪ್‌ಮನೆ ಕಟ್ಟಿಸಿತು. ಒಳಗೆ ನಿಂತು ತಲೆ ಎತ್ತಿದರೆ ಎತ್ತರದ ಛಾವಣಿಯ ತೊಲೆಗಳು ಒಂದಕ್ಕೊಂದು ಕೈಕೊಟ್ಟು ನಿಂತಿವೆ. ಕಾಲಡಿಯಲ್ಲಿ ನೀರು ಹರಿಯುತ್ತಿದ್ದ ಕಾಂಕ್ರೀಟಿನ ಕೋಣೆ. ನಾಲೆಯ ತೂಬಿನ ಬಳಿ ಬೆಳೆದವನಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆ ಹೋದರೂ ಗದ್ದೆ ಕಾಯುತ್ತಿದ್ದ ಮನೆಯನ್ನು ಉಳಿಸಿಕೊಂಡ ಆ ಜನರ ಮೇಲೆ ನನಗೆ ಗೌರವ ಹೆಚ್ಚಿತು.

ಅಲ್ಲಿ ವಿಮಾನ, ಕಂಪನಿ ಬಿಟ್ಟರೆ ಹಳೆಯದೇನಿದೆ? (ಉಡುಪಿ)

ಇದೆ. 1411ರಲ್ಲಿ ಸ್ಥಾಪನೆಯಾದ ಯಾಂಗ್‌ಚೊನ್ ಹ್ಯಾಂಗ್ಯೊ ಎಂಬ ಕನ್‌ಫ್ಯೂಷಿಯಸ್ ಪಾಠಶಾಲೆ. ಸೋಲ್‌ನಲ್ಲಿ ಆ ಬಗೆಯದು ಇದೊಂದೇ. ಹಾನ್ ನದಿಯನ್ನು ಚಿತ್ರಿಸಿದ ಕಲಾವಿದ ಜೊಂಗ್ ಸೊನ್ 1740ರಿಂದ ಐದು ವರ್ಷ ಇಲ್ಲಿನ ಅಧಿಕಾರಿಯಾಗಿದ್ದ. ಕೊರಿಯಾದ ವೈದ್ಯಗ್ರಂಥ 'ದೊಂಗುಇಬೊಗಾಮ್' ಬರೆದ ಹೊ ಜುನ್ ಈ ಸೀಮೆಯವನೆಂದು ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ. 25 ಸಂಪುಟಗಳ ಆ ಗ್ರಂಥ ಅಚ್ಚಾದದ್ದು 1613ರಲ್ಲಿ.

ಮಗನಿಗೆ ಅಲ್ಲಿ ಕೆಲಸ ಸಿಕ್ಕಿದೆ. ವಿಮಾನದ ಸದ್ದಿನಲ್ಲಿ ನಿದ್ದೆ ಬರುತ್ತದೆಯೇ? (ಶಿವಮೊಗ್ಗ)

ಬರುತ್ತದೆ ತಾಯಿ, ಚಿಂತೆ ಬೇಡ. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಗಿಂಪೊದಲ್ಲಿ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಗಲಿನಲ್ಲೂ ಮಾಗೊಕ್‌ಗೆ ತೊಂದರೆ ಕಡಿಮೆ, ಏಕೆಂದರೆ ರನ್‌ವೇಗಳು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿವೆ. ಮಾಗೊಕ್ ಅವುಗಳ ಮಗ್ಗುಲಲ್ಲಿದೆ.

ಆದರೆ ಆಗ್ನೇಯದ ತುದಿಗೆ ನೇರವಾಗಿರುವ ಸಿನ್ವೊಲ್ ಬಡಾವಣೆಯ ಕಥೆ ಬೇರೆ. 1988ರಲ್ಲಿ ಗಾಂಗ್‌ಸೊವನ್ನು ಒಡೆದು ಯಾಂಗ್‌ಚೊನ್-ಗು ಮಾಡಿದಾಗ ಅದು ಆ ಕಡೆಗೆ ಹೋಯಿತು. ನಿಲ್ದಾಣ ಈ ವಿಭಾಗದಲ್ಲಿ, ಸದ್ದು ಆ ವಿಭಾಗದ ತಲೆಯ ಮೇಲೆ. ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋಗಿದ್ದೆ. ತರಕಾರಿ ಅಂಗಡಿಯ ಅಜ್ಜಿ, ಜೊತೆಗಿದ್ದ ನನ್ನ ಮಗಳಿಗೆ ಮೂಲಂಗಿಯ ಬೆಲೆ ಹೇಳುತ್ತಿದ್ದವರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ವಿಮಾನದ ನೆರಳು ರಸ್ತೆಯನ್ನು ದಾಟಿತು, ತಗಡಿನ ಸೂರು ಗುಂಯ್‌ಗುಟ್ಟಿತು. ಸದ್ದು ಇಳಿದ ಮೇಲೆ, ನಿಲ್ಲಿಸಿದ ಪದದಿಂದಲೇ ಮುಂದುವರಿಸಿ ಬೆಲೆ ಹೇಳಿ ಮುಗಿಸಿದರು. ನಿಮ್ಮ ಮಗ ಬಾಡಿಗೆಗೆ ಮನೆ ಹುಡುಕುವಾಗ ಹಗಲು ಹೊತ್ತಿನಲ್ಲಿ ಹೋಗಿ, ಕಿಟಕಿ ತೆರೆದು, ಅರ್ಧ ಗಂಟೆ ಕುಳಿತು ನೋಡಲಿ.